ಬೆಂಕಿ ಆರಿಸುವವನೇ ಪತ್ತೇದಾರ: ಒಂದು ಸರಣಿ ಬರೆದ ಅನುಭವ

ಅಗ್ನಿಶಾಮಕ ದಳದವನನ್ನು ನಾಯಕನನ್ನಾಗಿಸಿ ಪತ್ತೇದಾರಿ ಸರಣಿ ಬರೆಯುತ್ತೇನೆಂದಾಗ ಜೊತೆಯ ಬರಹಗಾರರೂ ಪ್ರಕಾಶಕರೂ ಒಂದೇ ಆಕ್ಷೇಪ ಎತ್ತಿದ್ದರು. ಅವನಿಗೆ ಯಾರನ್ನೂ ಬಂಧಿಸುವ ಅಧಿಕಾರವಿಲ್ಲ, ವಿಚಾರಣೆ ನಡೆಸುವ ಅಧಿಕಾರವಿಲ್ಲ, ಬೆಂಕಿ ಆರಿದ ಮೇಲೆ ಕಥೆಯಲ್ಲಿ ಅವನಿಗೆ ಕೆಲಸವೇ ಉಳಿಯುವುದಿಲ್ಲ ಎಂಬುದು ಅವರ ವಾದ. ಈಗ ಸರಣಿಯ ಐದನೆಯ ಪುಸ್ತಕ ಅಚ್ಚಿನಲ್ಲಿದೆ, ಮೂರನೆಯದು ಮರುಮುದ್ರಣ ಕಂಡಿದೆ. ಅಧಿಕಾರವಿಲ್ಲದಿರುವುದೇ ಅವನ ಆಕರ್ಷಣೆ ಎಂದು ಅಂದು ನಾನು ಹೇಳಿದ್ದನ್ನು ಇಂದು ಇನ್ನಷ್ಟು ಧೈರ್ಯದಿಂದ ಹೇಳಬಲ್ಲೆ.

ಮೊದಲ ಎರಡು ಪುಸ್ತಕಗಳು ಸೋತವು. ಅವುಗಳಲ್ಲಿ ನಾಯಕ ಬೆಂಕಿ ಆರಿದ ಮರುದಿನ ಬೂದಿ ಕೆದಕುತ್ತಿದ್ದ, ನೆರೆಹೊರೆಯವರನ್ನು ಪ್ರಶ್ನಿಸುತ್ತಿದ್ದ. ಹೆಲ್ಮೆಟ್ ಬದಲಾಗಿದೆ, ಒಳಗಿರುವವನು ಹಳೆಯ ಇನ್ಸ್‌ಪೆಕ್ಟರೇ ಎಂದು ಓದುಗರು ನೇರವಾಗಿ ಬರೆದರು. ಒಂದೊಂದನ್ನೂ ಸುಮಾರು ಐನೂರು ಪ್ರತಿ ಹಾಕಿಸಿದ್ದೆ. ಹೆಚ್ಚೆಂದರೆ ಮೂರನೆಯ ಒಂದು ಪಾಲು ಹೋಗಿರಬೇಕು. ಮೊದಲನೆಯದಕ್ಕೆ ಉಳಿತಾಯದ ಹಣ, ಎರಡನೆಯದಕ್ಕೆ ಸಾಲ. ಮಾರಾಟಗಾರರ ಕಮಿಷನ್ ಮತ್ತು ಸಾಗಣೆ ವೆಚ್ಚ ಕಳೆದರೆ ಕೈಗೆ ಬಂದದ್ದು ಮುದ್ರಣ ವೆಚ್ಚದ ಕಾಲುಭಾಗವೂ ಅಲ್ಲ. ಆ ಸಾಲ ತೀರಿದ್ದು ಮೂರನೆಯ ಪುಸ್ತಕದಿಂದ.

ಮೂರನೆಯದರಲ್ಲಿ ಮಾಡಿದ್ದಿಷ್ಟು: ತನಿಖೆಯನ್ನೆಲ್ಲ ಬೆಂಕಿ ಉರಿಯುತ್ತಿರುವ ನಿಮಿಷಗಳೊಳಕ್ಕೆ ತಂದೆ. ಅಪರಾಧ ನಡೆದ ಜಾಗಕ್ಕೆ ಇವನು ಎಲ್ಲರಿಗಿಂತ ಮೊದಲು ಕಾಲಿಡುತ್ತಾನೆ, ಮತ್ತು ಸಾಕ್ಷ್ಯವನ್ನು ಹಾಳುಮಾಡುವುದು ಇವನ ಕರ್ತವ್ಯದಲ್ಲೇ ಸೇರಿದೆ. ಬಾಗಿಲು ಒಡೆಯಬೇಕು, ನೀರು ಹಾಯಿಸಬೇಕು, ಅಡಗಿದ ಕೆಂಡಕ್ಕಾಗಿ ಚಾವಣಿಯನ್ನು ಕಿತ್ತು ಕೆಡವಬೇಕು. ಬಾಗಿಲಿನ ಚಿಲಕ ಒಳಗಿನಿಂದ ಹಾಕಿತ್ತೇ, ಹಿಂಬದಿಯ ಕಿಟಕಿ ತೆರೆದಿತ್ತೇ, ಹೊಗೆ ಯಾವ ಕೋಣೆಯಿಂದ ಬರುತ್ತಿತ್ತು ಎಂಬುದು ಆಮೇಲೆ ಅವನ ನೆನಪಿನಲ್ಲಿ ಬಿಟ್ಟು ಬೇರೆಲ್ಲೂ ಉಳಿದಿರುವುದಿಲ್ಲ. ಆ ನೆನಪಾದರೂ ಕಾಲು ಗಂಟೆ ಕತ್ತಲಲ್ಲಿ ತೆವಳುತ್ತಾ ಮಗುವೊಂದನ್ನು ಹುಡುಕುತ್ತಿದ್ದವನದು. ಓದುಗರನ್ನು ಹಿಡಿದಿಡುವುದು ಈ ಇಕ್ಕಟ್ಟು.

ಆದ್ದರಿಂದ ಮೊದಲ ಅಧ್ಯಾಯವನ್ನು ನಾನು ಪುಟಗಳಲ್ಲಿ ಅಳೆಯುವುದಿಲ್ಲ, ಬೆನ್ನಿನ ಸಿಲಿಂಡರಿನ ಗಾಳಿಯಲ್ಲಿ ಅಳೆಯುತ್ತೇನೆ. ಅರ್ಧ ಗಂಟೆಯದೆಂದು ಕರೆಯುವ ಸಿಲಿಂಡರ್, ಭಾರ ಎಳೆಯುತ್ತಾ ಏದುಸಿರು ಬಿಡುವವನಿಗೆ ಇಪ್ಪತ್ತು ನಿಮಿಷ ಬಂದರೆ ಹೆಚ್ಚು. ಗಾಳಿ ಕಡಿಮೆಯಾದಾಗ ಎಚ್ಚರಿಕೆಯ ಶಿಳ್ಳೆ ಕೂಗತೊಡಗುತ್ತದೆ. ಆ ಶಿಳ್ಳೆಗೆ ಮುಂಚೆ ಪುಸ್ತಕದ ಎಲ್ಲ ಮುಖ್ಯ ಸುಳಿವುಗಳೂ ಅವನ ಕಣ್ಣ ಮುಂದೆ ಹಾದುಹೋಗಿರಬೇಕು. ಮಗುವಿನ ಆತಂಕದಲ್ಲಿರುವ ಓದುಗ ಅವನ್ನು ನೋಡಿಯೂ ನೋಡದೆ ಮುಂದೆ ಹೋಗುತ್ತಾನೆ. ಯಾವ ಸುಳಿವನ್ನು ಯಾವ ಕ್ರಿಯಾಪದದ ಹಿಂದೆ ಅಡಗಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳಲಾರೆ. ಬರೆಯಬೇಕಾದ ಪುಸ್ತಕಗಳು ಇನ್ನೂ ಇವೆ.

ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ. ಕೊಲೆಯ ಕಥೆಯಲ್ಲಿ ಮೊದಲ ಪ್ರಶ್ನೆ ಮಾಡಿದವರು ಯಾರು ಎಂಬುದು. ಬೆಂಕಿಯ ಕಥೆಯಲ್ಲಿ ಅಪರಾಧ ನಡೆದಿದೆಯೇ ಎಂಬುದೇ ಮೊದಲ ಪ್ರಶ್ನೆ. ಗಾಜಿನಲ್ಲಿ ಜೇಡರ ಬಲೆಯಂತಹ ಬಿರುಕುಗಳು ಕಂಡರೆ ಎಣ್ಣೆ ಸುರಿದು ಹಚ್ಚಿದ್ದಾರೆಂದು ಬಹುಕಾಲ ನಂಬಲಾಗಿತ್ತು. ಕಾದ ಗಾಜಿಗೆ ನೀರು ಬಿದ್ದರೂ ಅದೇ ಬಿರುಕು ಮೂಡುತ್ತದೆ. ಚಾವಣಿಯಡಿಯ ಹೊಗೆ ಸುಮಾರು 500–600 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಇಡೀ ಕೋಣೆ ಒಮ್ಮೆಲೇ ಹೊತ್ತಿಕೊಂಡಾಗ, ಅಂದರೆ ಫ್ಲ್ಯಾಶ್‌ಓವರ್ ಆದಾಗ, ಯಾರೂ ಏನೂ ಸುರಿಯದಿದ್ದರೂ ನೆಲದ ಮೇಲೆ ಸುರಿದಂತಹ ಸುಟ್ಟ ಗುರುತುಗಳಾಗುತ್ತವೆ. ಶವದ ಮುಷ್ಟಿ ಬಿಗಿದು ತೋಳು ಮಡಚಿದ್ದರೆ ಅದು ಹೊಡೆದಾಟದ ಗುರುತಲ್ಲ, ಶಾಖಕ್ಕೆ ಸ್ನಾಯುಗಳು ಕುಗ್ಗಿದ ಪರಿಣಾಮ. ಅಮೆರಿಕದ ಟೆಕ್ಸಾಸ್‌ನಲ್ಲಿ 1991ರ ಮನೆಬೆಂಕಿಯೊಂದರಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳು ಸತ್ತರು. ಬಹುಮಟ್ಟಿಗೆ ಇಂತಹ ಗುರುತುಗಳನ್ನು ಆಧರಿಸಿ ತಂದೆ ಕ್ಯಾಮರಾನ್ ಟಾಡ್ ವಿಲಿಂಗ್‌ಹ್ಯಾಮ್‌ಗೆ ಶಿಕ್ಷೆಯಾಗಿ, 2004ರಲ್ಲಿ ಮರಣದಂಡನೆಯೂ ಜಾರಿಯಾಯಿತು. ಆ ತೀರ್ಮಾನಕ್ಕೆ ವೈಜ್ಞಾನಿಕ ಆಧಾರವಿರಲಿಲ್ಲವೆಂದು ಹಲವು ಅಗ್ನಿತಜ್ಞರು ಹೇಳಿದ್ದಾರೆ. ಇದನ್ನು ಓದಿದ ಮೇಲೆ ನನ್ನ ನಾಯಕನ ಕೆಲಸ ಸ್ಪಷ್ಟವಾಯಿತು: ಅಪರಾಧಿಯನ್ನು ಹಿಡಿಯುವಷ್ಟೇ ಸಲ, ಅಪರಾಧವೇ ನಡೆದಿಲ್ಲವೆಂದು ಅವನು ತನ್ನ ಮೇಲಧಿಕಾರಿಯ ಎದುರು ನಿಂತು ಹೇಳಬೇಕಾಗುತ್ತದೆ. ಓದುಗರ ಪತ್ರಗಳು ಹೆಚ್ಚು ಬಂದದ್ದು ಅಂತಹ ಪುಸ್ತಕಕ್ಕೆ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ನಿವೃತ್ತ ಅಗ್ನಿಶಾಮಕ ಅಧಿಕಾರಿಯೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡು, ಬಾಗಿಲು ಕಿಟಕಿಗಳಿರುವ ಪ್ಲೈವುಡ್ ಪೆಟ್ಟಿಗೆಗಳನ್ನು ಬಯಲಿನಲ್ಲಿ ಸುಟ್ಟು, ಹೊಗೆಯ ಪದರ ಮೇಲಿನಿಂದ ಕೆಳಕ್ಕೆ ಇಳಿಯುವುದನ್ನು ಬರೆದುಕೊಂಡೆ. ಮೊದಲ ಪುಸ್ತಕದ ಒಟ್ಟು ಆದಾಯಕ್ಕಿಂತ ಆ ಪೆಟ್ಟಿಗೆಗಳಿಗೇ ಹೆಚ್ಚು ಖರ್ಚಾಯಿತು, ಆದರೆ ಹೊಗೆಯ ವರ್ಣನೆ ನಂಬುವಂತಿದೆ ಎಂದು ಅಗ್ನಿಶಾಮಕ ದಳದವರೇ ಹೇಳುವಂತಾಯಿತು. ಪೆಟ್ರೋಲಿನ ಮೇಲೆ ಉರಿಯುವ ಸಿಗರೇಟು ಬಿದ್ದು ಬೆಂಕಿ ಹತ್ತಿತೆಂಬುದು ಕಥೆಗಳಲ್ಲಿ ಸಾಮಾನ್ಯ. ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಲ ಪರೀಕ್ಷಿಸಿದರೂ ಅದು ಹೊತ್ತಿಕೊಳ್ಳಲಿಲ್ಲ. ಅದನ್ನು ನಾನು ಖಳನ ಬಾಯಲ್ಲಿ ಸಮಜಾಯಿಷಿಯಾಗಿ ಇಟ್ಟೆ; ಅದೇ ಮಾತಿಗೆ ಅವನು ಸಿಕ್ಕಿಬಿದ್ದ.

ಸರಣಿಗೆ ಬಲ ಬಂದದ್ದು ನಾಯಕನೊಬ್ಬನಿಂದಲ್ಲ, ಅವನ ಪಾಳಿಯ ಜೊತೆಗಾರರಿಂದ. ಒಳಗೆ ಹೋದವನಿಗೆ ಕಾಣದ ಜನಸಂದಣಿ ಹೊರಗೆ ಪಂಪಿನ ಬಳಿ ನಿಂತ ಚಾಲಕನಿಗೆ ಕಾಣುತ್ತದೆ, ಅವನನ್ನು ವಿಚಾರಿಸಿಕೊಂಡು ಬರೆಯುವ ಓದುಗರೇ ಹೆಚ್ಚು. ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಬೆಂಕಿ ಅಪರಾಧಗಳ ತನಿಖಾಧಿಕಾರಿಯಾಗಿದ್ದ ಜಾನ್ ಆರ್ ತಾನೇ ಬೆಂಕಿ ಹಚ್ಚುತ್ತಿದ್ದವನೆಂದು ಸಾಬೀತಾದ ಪ್ರಕರಣ ನೆನಪಿನಲ್ಲಿದ್ದುದರಿಂದ, ನಾಲ್ಕನೆಯ ಪುಸ್ತಕದಲ್ಲಿ ಸಂಶಯವನ್ನು ಅದೇ ಪಾಳಿಯೊಳಗೆ ತಂದೆ. ಹಿಂದೆ ಹಸ್ತಪ್ರತಿಯನ್ನು ಓದದೆ ಮರಳಿಸಿದ್ದ ಪ್ರಕಾಶಕರೊಬ್ಬರು ಅದಕ್ಕೆ ಮುಂಗಡ ಕೊಟ್ಟರು.

ಈಗ ಬರೆಯುತ್ತಿರುವ ಆರನೆಯದರಲ್ಲಿ ನಾಯಕ ರಜೆಯಲ್ಲಿದ್ದಾಗ ಬೆಂಕಿ ಬೀಳುತ್ತದೆ. ಒಳಗೆ ಹೋಗಿ ಬಂದ ನಾಲ್ವರೂ ಆ ಬಾಗಿಲಿನ ಬಗ್ಗೆ ನಾಲ್ಕು ಬಗೆಯಾಗಿ ಹೇಳುತ್ತಾರೆ, ಯಾರೂ ಸುಳ್ಳು ಹೇಳುತ್ತಿಲ್ಲ. ಇದಕ್ಕೆ ಮೊದಲ ಅಧ್ಯಾಯವನ್ನು ಯಾರ ಸಿಲಿಂಡರಿನಲ್ಲಿ ಅಳೆಯಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.