ಜೂನ್ ಒಂದರ ರಥ, ಗ್ರಹಣದ ಮರುದಿನದ ಚಕ್ರ

ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಟ್ಟಿದ ದಿನ 1-6-1980 ಎಂದಿದೆ. ಗುಬ್ಬಿ ತಾಲ್ಲೂಕಿನ ನಮ್ಮೂರಿನ ಶಾಲೆಗೆ ಅಪ್ಪ ನನ್ನನ್ನು ಸೇರಿಸಿದ್ದು 1986ರ ಜೂನ್‌ನಲ್ಲಿ. ಮೇಷ್ಟ್ರು ಹುಟ್ಟಿದ ದಿನ ಕೇಳಿದರು, ಅಪ್ಪನಿಗೆ ನೆನಪಿರಲಿಲ್ಲ, ಮೇಷ್ಟ್ರು ಆರು ವರ್ಷ ಹಿಂದಕ್ಕೆ ಎಣಿಸಿ ಬರೆದುಕೊಂಡರು. ನನ್ನ ಓರಗೆಯ ಹಳ್ಳಿಯ ಮಕ್ಕಳಲ್ಲಿ ಹೀಗೆ ಜೂನ್ ಒಂದರಂದು ಹುಟ್ಟಿದವರು ಎಷ್ಟೋ ಮಂದಿ. ಈಗ ನಾನು ತುಮಕೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಸೇವಾ ಪುಸ್ತಕದಲ್ಲಿರುವುದೂ ಅದೇ ದಿನ, 2040ರಲ್ಲಿ ನಿವೃತ್ತಿಯಾಗುವುದೂ ಅದೇ ದಿನದ ಲೆಕ್ಕದಲ್ಲಿ. ಚಿತ್ರದ ಕಾರ್ಡುಗಳ ಮೂಲಕ ಮನಸ್ಸನ್ನು ಓದುವ ಟ್ಯಾರೋದಲ್ಲಿ, ಹುಟ್ಟಿದ ದಿನದ ಲೆಕ್ಕದಿಂದ ಸಿಗುವ ನನ್ನ ಜನ್ಮ ಕಾರ್ಡನ್ನು ಮೊದಲು ಹುಡುಕಿಕೊಂಡದ್ದೂ ಅದೇ ದಿನದಿಂದ.

2014ರಲ್ಲಿ ಕೆಲವು ತಿಂಗಳು ಪ್ರತಿ ಭಾನುವಾರ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಟ್ಯಾರೋ ಕಲಿತೆ. ಜನ್ಮ ಕಾರ್ಡಿನ ಲೆಕ್ಕವನ್ನು ಮೊದಲ ದಿನವೇ ಹೇಳಿಕೊಟ್ಟರು. ದಿನ, ತಿಂಗಳು, ವರ್ಷ ಮೂರನ್ನೂ ಕೂಡಬೇಕು. ಬಂದ ಮೊತ್ತದ ಅಂಕಿಗಳನ್ನು ಬಿಡಿಸಿ ಮತ್ತೆ ಕೂಡಬೇಕು. 22 ಅಥವಾ ಅದಕ್ಕಿಂತ ಕಡಿಮೆ ಬಂದಾಗ ನಿಲ್ಲಿಸಬೇಕು. ಟ್ಯಾರೋ ಕಟ್ಟಿನ 78 ಕಾರ್ಡುಗಳಲ್ಲಿ ಮೇಜರ್ ಅರ್ಕಾನಾ ಎಂಬ ಮುಖ್ಯ ಕಾರ್ಡುಗಳು 22. ನಮಗೆ ಬಂದ ಸಂಖ್ಯೆಯದು ವ್ಯಕ್ತಿತ್ವದ ಕಾರ್ಡು. ಅದನ್ನು ಇನ್ನೂ ಕೂಡಿ ಒಂದೇ ಅಂಕಿಗೆ ಇಳಿಸಿದರೆ ಸಿಗುವುದು ಆತ್ಮದ ಕಾರ್ಡು. 22 ಬಂದವರಿಗೆ ‘ಫೂಲ್’, ಸೊನ್ನೆ ಸಂಖ್ಯೆಯ ಅಲೆಮಾರಿ. ನನ್ನದು 1, 6, 1980 ಸೇರಿ 1987 ಆಯಿತು; ಅದರಿಂದ 25, ಅದರಿಂದ 7. ಏಳನೆಯದು ‘ಚಾರಿಯಟ್’. ರಥ.

ಸಿದ್ಧಗಂಗೆಯ ಶಿವರಾತ್ರಿ ಜಾತ್ರೆಯಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ತೇರು ನೋಡಿದವಳು ನಾನು. ರಥ ಬಂದದ್ದು ತುಂಬಾ ಹಿಡಿಸಿತು. ಗೆಲುವು, ಹಟ, ಹಿಡಿದ ಕೆಲಸ ಬಿಡದಿರುವುದು ಎಂದೆಲ್ಲ ಅದರ ಅರ್ಥವನ್ನು ಬರೆದುಕೊಂಡೆ. ಎಲ್ಲವೂ ನನಗೇ ಹೇಳಿ ಬರೆಸಿದ ಹಾಗಿತ್ತು.

ಕಾರ್ಡು ನಿಜವಾಗಿ ಕೆಲಸ ಮಾಡಿದ್ದು ಆ ಅರ್ಥಗಳನ್ನು ಬದಿಗಿಟ್ಟ ಮೇಲೆ. ನಾನು ಅನುಸರಿಸಿದ ಕ್ರಮ ಸರಳವಾದದ್ದು, ಇಂದಿಗೂ ಬದಲಿಸಿಲ್ಲ. ಜನ್ಮ ಕಾರ್ಡನ್ನು ಇಪ್ಪತ್ತೊಂದು ದಿನ ಕಣ್ಣೆದುರು ಇಡುತ್ತೇನೆ. ದಿನವೂ ರಾತ್ರಿ ಪಾತ್ರೆ ತೊಳೆದು ಒಲೆ ಒರೆಸಿದ ಮೇಲೆ ಐದು ನಿಮಿಷ ಚಿತ್ರ ನೋಡಿ, ಆ ದಿನ ಕಣ್ಣಿಗೆ ಬಿದ್ದ ಒಂದು ವಸ್ತುವಿನ ಬಗ್ಗೆ ಒಂದೇ ಒಂದು ಸಾಲು ಬರೆಯುತ್ತೇನೆ. ಅರ್ಥ ಬರೆಯುವ ಹಾಗಿಲ್ಲ, ಕಂಡದ್ದನ್ನು ಮಾತ್ರ. ಮೊದಲ ದಿನ ನಕ್ಷತ್ರಗಳಿರುವ ಮೇಲ್ಕಟ್ಟು ಎಂದು ಬರೆದೆ. ಆಮೇಲೆ ಒಂದು ಕಪ್ಪು, ಒಂದು ಬಿಳಿ ಸಿಂಹನಾರಿ. ಹಿಂದೆ ಬಿಟ್ಟುಬಂದ ಊರಿನ ಗೋಡೆ. ಹನ್ನೊಂದನೆಯ ದಿನ ಬರೆದ ಸಾಲು ಪುಸ್ತಕದಲ್ಲಿ ಹಾಗೇ ಇದೆ: ‘ಇವನ ಕೈಯಲ್ಲಿ ಲಗಾಮೇ ಇಲ್ಲ.’

ಹತ್ತು ರಾತ್ರಿ ನೋಡಿಯೂ ಅದು ನನಗೆ ಕಂಡಿರಲಿಲ್ಲ. ಸಾರಥಿ ಒಂದು ಕೋಲು ಹಿಡಿದು ನಿಂತಿದ್ದಾನೆ, ಅಷ್ಟೇ. ಆ ವಾರವೇ ಶಾಲೆಯಲ್ಲಿ ಜೊತೆಯ ಶಿಕ್ಷಕಿಯೊಬ್ಬರು ತಿದ್ದಿಟ್ಟಿದ್ದ ಉತ್ತರ ಪತ್ರಿಕೆಗಳನ್ನು ನಾನು ಮತ್ತೆ ತೆಗೆದು ತಿದ್ದಿದ್ದೆ. ಅವರು ನೋಡಿದರು. ಏನೂ ಹೇಳದೆ ತಮ್ಮ ಕೆಂಪು ಪೆನ್ನನ್ನು ಚೀಲಕ್ಕೆ ಹಾಕಿಕೊಂಡು ಎದ್ದುಹೋದರು. ಲಗಾಮಿನ ಸಾಲು ಬರೆದ ರಾತ್ರಿ ನನ್ನ ಕಣ್ಣಿಗೆ ಬಂದದ್ದು ಆ ಕೆಂಪು ಪೆನ್ನು. ಮನೆಯಲ್ಲೂ ನಾನು ಹಾಗೇ ಇದ್ದೆ: ಮಕ್ಕಳ ಚೀಲ ನಾನೇ ಜೋಡಿಸಬೇಕು, ಯಜಮಾನರು ತಂದ ತರಕಾರಿಯನ್ನು ನಾನೇ ಮತ್ತೆ ಆರಿಸಬೇಕು. ಮರುದಿನ ಆ ಶಿಕ್ಷಕಿಯ ಬಳಿ ಹೋಗಿ ಕ್ಷಮೆ ಕೇಳಿದೆ. ನನ್ನ ಟ್ಯಾರೋ ಅಭ್ಯಾಸ ಶುರುವಾದದ್ದು ಅಂದಿನಿಂದ ಎಂದೇ ನಾನು ಲೆಕ್ಕ ಹಿಡಿಯುತ್ತೇನೆ.

ಐದು ವರ್ಷ ರಥದ ಜೊತೆ ಕಳೆದೆ. 2019ರ ಡಿಸೆಂಬರ್ 26, ಗುರುವಾರ, ಬೆಳಿಗ್ಗೆ ಸೂರ್ಯಗ್ರಹಣ. ನಾನು ಊರಿನಲ್ಲಿದ್ದೆ. ಅಮ್ಮ ಹಾಲು ಮೊಸರಿನ ಪಾತ್ರೆಗಳಿಗೆ ದರ್ಭೆ ಹಾಕಿ, ಒಲೆ ಹಚ್ಚದೆ ನಡುಮನೆಯಲ್ಲಿ ಕುಳಿತಿದ್ದರು. ಬಿಸಿಲು ಮಂಕಾಗುತ್ತಿದ್ದಂತೆ, ನನ್ನನ್ನು ನೋಡಿ, “ನೀನು ಹುಟ್ಟುವ ಹಿಂದಿನ ದಿನವೂ ಹೀಗೇ ಕತ್ತಲಾಗಿತ್ತು ಕಣೇ” ಎಂದರು.

“ಯಾವ ಗ್ರಹಣ ಅಮ್ಮ?”

“ಶಿವರಾತ್ರಿ ಕಳೆದು ಎರಡು ದಿನಕ್ಕೆ ಬಂದಿತ್ತಲ್ಲ, ಮಧ್ಯಾಹ್ನದ ಮೇಲೆ. ಬಸುರಿ ಎಂದು ನಿಮ್ಮಜ್ಜಿ ನನ್ನನ್ನು ಕೋಣೆಯಲ್ಲಿ ಕೂರಿಸಿ ಕಿಟಕಿಗೆ ಕಂಬಳಿ ಹೊದಿಸಿದ್ದರು. ಗ್ರಹಣ ಬಿಟ್ಟ ಮೇಲೆ ಮನೆಯೆಲ್ಲ ತೊಳೆದೆವು. ಭಾನುವಾರ ಹಾಲು ಕರೆದುಕೊಂಡು ಬರುವ ಹೊತ್ತಿಗೆ ನೀನು ಹುಟ್ಟಿದೆ.”

ಆ ಗ್ರಹಣ ನಮ್ಮ ರಾಜ್ಯಕ್ಕೆ ಮರೆಯುವಂಥದ್ದಲ್ಲ. 1980ರ ಫೆಬ್ರುವರಿ 16, ಶನಿವಾರ. ಉತ್ತರ ಕರ್ನಾಟಕದಲ್ಲಿ ಹುಬ್ಬಳ್ಳಿ, ರಾಯಚೂರಿನ ಕಡೆ ಪೂರ್ಣ ಗ್ರಹಣ. ನಮ್ಮ ಕಡೆ ಪೂರ್ತಿ ಮುಚ್ಚದಿದ್ದರೂ ಹಗಲು ಮಂಕಾಗಿತ್ತು. ಹಾಗಾದರೆ ನಾನು ಹುಟ್ಟಿದ್ದು 17-2-1980. ಅಮ್ಮನಿಗೆ ತಾರೀಖು ಗೊತ್ತಿರಲಿಲ್ಲ, ದಿನ ಮಾತ್ರ ಎಂದೂ ಮರೆತಿರಲಿಲ್ಲ. ಮೂವತ್ತೊಂಬತ್ತು ವರ್ಷ ನಾವು ಯಾರೂ ಕೇಳಿರಲಿಲ್ಲ.

ಗ್ರಹಣ ಬಿಡುವ ಮೊದಲೇ ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಲೆಕ್ಕ ಹಾಕಿದೆ. 17, 2, 1980 ಸೇರಿ 1999. ಅದರಿಂದ 28, ಅದರಿಂದ 10. ಹತ್ತನೆಯದು ಭಾಗ್ಯಚಕ್ರ. ಹತ್ತನ್ನು ಇಳಿಸಿದರೆ 1, ಮಾಂತ್ರಿಕ. ರಥ ಹೋಗಿ ಚಕ್ರ ಬಂದಿತ್ತು.

ಸಂತೋಷವಾಯಿತು ಎಂದರೆ ಸುಳ್ಳಾಗುತ್ತದೆ. ಬೇರೊಬ್ಬರ ಕಾರ್ಡನ್ನು ನನ್ನದೆಂದು ಐದು ವರ್ಷ ಇಟ್ಟುಕೊಂಡಿದ್ದೆನಲ್ಲ ಎನಿಸಿತು. ಆ ಕೆಂಪು ಪೆನ್ನಿನಿಂದ ನಾನು ಕಲಿತದ್ದು ಸುಳ್ಳೇ? ಹಲವು ವಾರ ಕಾರ್ಡು ಮುಟ್ಟಲಿಲ್ಲ. ಕೊನೆಗೆ ಚಕ್ರವನ್ನು ಇಪ್ಪತ್ತೊಂದು ದಿನಕ್ಕೆ ಇಟ್ಟೆ. ಮೇಲೆ ಕತ್ತಿ ಹಿಡಿದ ಸಿಂಹನಾರಿ, ಒಂದು ಬದಿಯಲ್ಲಿ ಇಳಿಯುತ್ತಿರುವ ಹಾವು, ಇನ್ನೊಂದು ಬದಿಯಲ್ಲಿ ಏರುತ್ತಿರುವ ನರಿಮುಖದವನು. ನನ್ನ ಕಣ್ಣು ಮತ್ತೆ ಮತ್ತೆ ಹೋದದ್ದು ಮೂಲೆಗಳಿಗೆ. ಮನುಷ್ಯ, ಹದ್ದು, ಹೋರಿ, ಸಿಂಹ, ನಾಲ್ಕಕ್ಕೂ ರೆಕ್ಕೆ. ನಡುವೆ ಚಕ್ರ ತಿರುಗುತ್ತಿದೆ. ಇವು ನಾಲ್ಕೂ ತಮ್ಮ ಮುಂದೆ ಪುಸ್ತಕ ತೆರೆದಿಟ್ಟುಕೊಂಡಿವೆ. ಮುಂದಿನ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿತು. ಎಳೆಯಲು ರಥವೂ ಇಲ್ಲ, ಗೆಲ್ಲಲು ಊರೂ ಇಲ್ಲ. ಮೊಬೈಲ್ ಇಲ್ಲದ ಮಕ್ಕಳ ಮನೆಗಳಿಗೆ ಲೆಕ್ಕದ ಹಾಳೆ ಮುಟ್ಟಿಸಿ ಬರುತ್ತಿದ್ದ ಆ ತಿಂಗಳುಗಳಲ್ಲಿ ಮೂಲೆಯ ಆ ನಾಲ್ವರು ನನಗೆ ಎಷ್ಟು ಆಸರೆಯಾದರೋ ಹೇಳತೀರದು.

ಈಗ ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಕೆಲಸ, ಸಂಬಳ, ನಿವೃತ್ತಿ ಎಲ್ಲವೂ ಜೂನ್ ಒಂದರ ಮೇಲೆ ನಿಂತಿರುವಾಗ ರಥ ನನ್ನದಲ್ಲ ಎನ್ನಲಾರೆ. ಊರಿನವರ ಮುಂದೆ ನಾನು ಓಡಿಸುವುದು ರಥ, ಅಮ್ಮ ಕೊಟ್ಟದ್ದು ಚಕ್ರ. ಟ್ಯಾರೋ ಓದುವ ಕೆಲವರು ಇದನ್ನು ಒಪ್ಪುವುದಿಲ್ಲ, ದಿನ ಒಂದೇ ಇರಬೇಕು ಎನ್ನುತ್ತಾರೆ. ಹುಟ್ಟಿದ ದಿನವನ್ನು ಮೇಷ್ಟ್ರು ಬರೆದುಕೊಂಡ ನಾಡಿನಲ್ಲಿ ಆ ನಿಯಮ ನಡೆಯುವುದಿಲ್ಲ ಎಂಬುದು ನನ್ನ ಅನುಭವ.

ಗಣಿತದವಳಾದ್ದರಿಂದ ಲೆಕ್ಕವನ್ನೇ ಕೆದಕದೆ ಬಿಡಲಾಗಲಿಲ್ಲ. 2012ರಲ್ಲಿ ಹುಟ್ಟಿದ ಮಕ್ಕಳನ್ನು ತೆಗೆದುಕೊಳ್ಳಿ. ಜನವರಿ ಒಂದರ ಮಗುವಿಗೆ ಮೊತ್ತ 2014, ಡಿಸೆಂಬರ್ 31ರ ಮಗುವಿಗೆ 2055. ಈ ನಡುವಿನ ಯಾವ ಸಂಖ್ಯೆಯ ಅಂಕಿಗಳನ್ನು ಕೂಡಿದರೂ 15 ದಾಟುವುದಿಲ್ಲ. ಅಂದರೆ ಆ ವರ್ಷ ಹುಟ್ಟಿದ ಒಂದು ಮಗುವಿಗೂ ನಕ್ಷತ್ರ (17), ಚಂದ್ರ (18), ಸೂರ್ಯ (19) ಕಾರ್ಡುಗಳು ಬರುವುದಿಲ್ಲ. ಒಂದು ವರ್ಷದ ಅಷ್ಟೂ ಮಕ್ಕಳಿಗೆ ಸೂರ್ಯನ ಗುಣವೇ ಇಲ್ಲ ಎನ್ನಲು ಮನಸ್ಸು ಬರುತ್ತದೆಯೇ? ನನಗಂತೂ ಬರುವುದಿಲ್ಲ. ಹೀಗಾಗಿ ನಾನು ಗಟ್ಟಿಯಾಗಿ ಹಿಡಿಯುವುದು ಕೊನೆಯ ಒಂದಂಕಿಯನ್ನು. ಸಂಖ್ಯೆಯ ಅಂಕಿಗಳನ್ನು ಹೇಗೆ ಕೂಡಿದರೂ ಒಂಬತ್ತರಿಂದ ಭಾಗಿಸಿದಾಗ ಉಳಿಯುವ ಶೇಷ ಬದಲಾಗದು. ಶಾಲೆಯಲ್ಲಿ ಭಾಜ್ಯತೆಯ ಪಾಠದಲ್ಲಿ ಹೇಳಿಕೊಡುವುದು ಇದನ್ನೇ. ಆ ಅಂಕಿಗೆ ಸೇರುವ ಕಾರ್ಡುಗಳೆಲ್ಲ ಒಂದೇ ಮನೆಯವು ಎಂದುಕೊಂಡು ಜೊತೆಗಿಟ್ಟು ನೋಡುತ್ತೇನೆ: 1, 10, 19 ಒಂದು ಮನೆ, 7, 16 ಒಂದು ಮನೆ, 9, 18 ಒಂದು ಮನೆ. ಹೀಗೆ ನೋಡಿದರೆ 2012ರ ಮಕ್ಕಳಿಗೂ ಸೂರ್ಯ ದೂರದವನಲ್ಲ.

ಈ ಲೆಕ್ಕ ನೆರವಿಗೆ ಬಂದದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ವಿಷಯದಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಗೆ ಮೂರನೆಯ ಸಲ ಓದುತ್ತಿದ್ದ ಹುಡುಗಿ, ಮೊಬೈಲ್‌ನಲ್ಲಿ ತಾನೇ ಲೆಕ್ಕ ಹಾಕಿಕೊಂಡು ಹೆದರಿ ಬಂದಿದ್ದಳು. 27-6-1996. ಮೊತ್ತ 2029, ಅಂಕಿಗಳು ಸೇರಿ 13. ‘ಡೆತ್’. “ಮೇಡಂ, ನನಗೆ ಸಾವಿನ ಕಾರ್ಡು ಬಂದಿದೆ” ಎನ್ನುವಾಗ ಅವಳ ತುಟಿ ಒಣಗಿತ್ತು.

ಮೊದಲು ಹಾಳೆ ಪೆನ್ನು ಕೊಟ್ಟೆ. ಇನ್ನೊಂದು ಪದ್ಧತಿಯಲ್ಲಿ ವರ್ಷವನ್ನು ಎರಡಾಗಿ ಒಡೆಯುತ್ತಾರೆ: 27, 6, 19, 96 ಸೇರಿ 148, ಅದನ್ನು 14 ಮತ್ತು 8 ಎಂದು ಕೂಡಿದರೆ 22, ಅಲೆಮಾರಿ. ಎಲ್ಲ ಅಂಕಿಗಳನ್ನೂ ಬಿಡಿಬಿಡಿಯಾಗಿ ಕೂಡಿದರೆ 40, ಅಂದರೆ 4. ಒಂದೇ ದಿನಕ್ಕೆ 13 ಉಂಟು, 22 ಉಂಟು. ಮೂರರಲ್ಲೂ ಕೊನೆಯ ಒಂದಂಕಿ ಮಾತ್ರ 4, ಚಕ್ರವರ್ತಿ. ಅವಳೇ ಕೂಡಿ ನೋಡಿದ ಮೇಲೆ ಉಸಿರು ಸ್ವಲ್ಪ ಹಗುರಾಯಿತು. ಆಮೇಲೆ ಹದಿಮೂರರ ಚಿತ್ರವನ್ನು ಮುಂದಿಟ್ಟೆ. ಬಿಳಿ ಕುದುರೆಯ ಮೇಲೆ ಕಪ್ಪು ಕವಚದ ಅಸ್ಥಿಪಂಜರ, ಕೆಳಗೆ ಬಿದ್ದ ರಾಜ, ಮುಖ ತಿರುಗಿಸಿಕೊಂಡ ಹುಡುಗಿ, ಕುದುರೆಯತ್ತ ನೋಡುತ್ತ ಮೊಣಕಾಲೂರಿದ ಮಗು. “ಇವರಲ್ಲಿ ನೀನು ಯಾರು?” ಎಂದು ಕೇಳಿ ಸುಮ್ಮನಾದೆ. ಬಹಳ ಹೊತ್ತಿನ ಮೇಲೆ ಮುಖ ತಿರುಗಿಸಿಕೊಂಡವಳ ಮೇಲೆ ಬೆರಳಿಟ್ಟಳು. ಚಕ್ರವರ್ತಿಯ ಕಾರ್ಡು ತೋರಿಸಿದಾಗ, ಕಲ್ಲಿನ ಸಿಂಹಾಸನದಲ್ಲಿ ಕುಳಿತವನನ್ನು ನೋಡಿ, “ನಮ್ಮಪ್ಪ” ಎಂದಳು. ಪರೀಕ್ಷೆ ಅಪ್ಪನ ಆಸೆಯಾಗಿತ್ತು. ಬಿಡು ಎಂದು ನಾನು ಹೇಳಲಿಲ್ಲ, ಓದು ಎಂದೂ ಹೇಳಲಿಲ್ಲ. ಮನೆಗೆ ಹೋಗಿ ಅಪ್ಪನ ಹತ್ತಿರ ಮಾತನಾಡು ಎಂದಷ್ಟೇ ಹೇಳಿದೆ. ಮಾತನಾಡಿದಳು. ಮುಂದಿನದು ಅವರ ಮನೆಯ ವಿಷಯ.

ಆಗಾಗ ಕೇಳುವವರಿದ್ದಾರೆ, ಜಾತಕ ಇರುವಾಗ ಇದೇಕೆ ಎಂದು. ಎರಡನ್ನೂ ನಾನು ಬೆರೆಸುವುದಿಲ್ಲ. ಮದುವೆ ಯಾವಾಗ, ಸೈಟು ಸಿಗುತ್ತದೆಯೇ ಎಂಬುದನ್ನು ಜನ್ಮ ಕಾರ್ಡಿನಿಂದ ಹೇಳುವುದಿಲ್ಲ. ಹದಿನೆಂಟು ತುಂಬದ ಮಕ್ಕಳಿಗೆ ಕಾರ್ಡು ತೆಗೆದುಕೊಡುವುದೂ ಇಲ್ಲ. ಅವರು ಇನ್ನೂ ಬೆಳೆಯಬೇಕು, ಹಣೆಗೆ ಚೀಟಿ ಅಂಟಿಸುವ ಕೆಲಸ ನನ್ನದಲ್ಲ. ಇದು ಈಜಿಪ್ಟಿನ ಪ್ರಾಚೀನ ವಿದ್ಯೆ ಎಂದು ಹೇಳುವವರನ್ನೂ ತಿದ್ದುತ್ತೇನೆ. ಟ್ಯಾರೋ 15ನೇ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಆಡುತ್ತಿದ್ದ ಇಸ್ಪೀಟಿನಂಥ ಆಟ. ಈಜಿಪ್ಟಿನ ಕಥೆಯನ್ನು 1781ರಲ್ಲಿ ಪ್ರಚಾರಕ್ಕೆ ತಂದವರು ಫ್ರಾನ್ಸಿನ ಕೂರ್ ದ ಜೆಬೆಲಿನ್. ಜನ್ಮ ಕಾರ್ಡಿನ ಪದ್ಧತಿ ಬೆಳೆದದ್ದಂತೂ ಕಳೆದ ಶತಮಾನದ ಕೊನೆಯ ಭಾಗದಲ್ಲಿ, ಅಮೆರಿಕದಲ್ಲಿ. ಹೊಸದೆಂದ ಮಾತ್ರಕ್ಕೆ ನನಗೆ ಅದರ ಮೇಲೆ ಗೌರವ ಕಡಿಮೆಯಾಗಿಲ್ಲ. ಕಟ್ಟು ಕೊಳ್ಳುವಾಗ ಮಾತ್ರ ಒಂದು ಎಚ್ಚರ ಬೇಕು. ನನ್ನದು 1909ರಲ್ಲಿ ಲಂಡನ್ನಿನಲ್ಲಿ ಹೊರಬಂದ ಕಟ್ಟಿನ ಮಾದರಿ; ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಅದರಲ್ಲಿ ಎಂಟನೆಯದು ಶಕ್ತಿ, ಹನ್ನೊಂದನೆಯದು ನ್ಯಾಯ. ಹಳೆಯ ಫ್ರೆಂಚ್ ಮಾದರಿಯಲ್ಲಿ ಇವೆರಡೂ ಅದಲುಬದಲು. ಎಂಟು ಬಂದವರು ಕಟ್ಟು ಯಾವುದೆಂದು ನೋಡದೆ ಅರ್ಥ ಓದಿದರೆ ಬೇರೆಯವರ ಮನೆಯ ಬಾಗಿಲು ತಟ್ಟಿದಂತೆ.

ಹೋದ ಬೇಸಿಗೆಯಲ್ಲಿ ಅಮ್ಮ ತಮ್ಮ ಕಾರ್ಡು ಯಾವುದೆಂದು ಕೇಳಿದರು. ಅವರಿಗೆ ಹುಟ್ಟಿದ ದಿನವೂ ಗೊತ್ತಿಲ್ಲ, ವರ್ಷವೂ ಗೊತ್ತಿಲ್ಲ. ಹುಣಸೆ ಬಡಿಯುವ ಕಾಲ ಎಂದು ಅವರ ಅಮ್ಮ ಹೇಳುತ್ತಿದ್ದುದು ಮಾತ್ರ ಗೊತ್ತು. ಚಾಪೆಯ ಮೇಲೆ 22 ಕಾರ್ಡುಗಳನ್ನೂ ಮುಖ ಮೇಲಾಗಿ ಹರಡಿದೆ. ಅಡಿಕೆ ಆರಿಸುವ ಹಾಗೆ ಒಂದೊಂದನ್ನೇ ಸರಿಸುತ್ತ ಹೋಗಿ ಹದಿನೇಳನ್ನು ಕೈಗೆತ್ತಿಕೊಂಡರು. ನಕ್ಷತ್ರ. ಕೊಳದ ಅಂಚಿನಲ್ಲಿ ಮೊಣಕಾಲೂರಿದ ಹೆಂಗಸು ಎರಡು ಹೂಜಿಗಳಿಂದ ನೀರು ಸುರಿಯುತ್ತಿರುವ ಚಿತ್ರ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

“ಈ ಕೈಯಿಂದ ನೆಲಕ್ಕೆ ಹಾಕುತ್ತಿದ್ದಾಳೆ, ಸರಿ. ಆ ಕೈಯಿಂದ ನೀರಿಗೇ ನೀರು ಸುರಿಯುತ್ತಿದ್ದಾಳಲ್ಲ, ಏಕೆ?”

ಗೊತ್ತಿಲ್ಲ ಅಮ್ಮ, ನೀವೇ ಇಪ್ಪತ್ತೊಂದು ದಿನ ನೋಡಿ ಹೇಳಿ ಎಂದೆ. ಕಾರ್ಡನ್ನು ದೇವರ ಗೂಡಿನ ಪಕ್ಕ, ಔಷಧಿ ಡಬ್ಬಿಗೆ ಒರಗಿಸಿ ಇಟ್ಟರು. ನನ್ನ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 17, 8 ಎಂದು ಬರೆದು, ದಿನಾಂಕದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.