ಕ್ಷಾರೀಯತೆಯ ಲೆಕ್ಕ ಮತ್ತು ಜೋಸೆಫ್ ಬ್ಲ್ಯಾಕ್: ಎಸ್‌ಟಿಪಿ ನಡೆಸಿದ ನನ್ನ ಅನುಭವ

ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಕೊಳಚೆ ನೀರು ಶುದ್ಧೀಕರಣ ಘಟಕವನ್ನು (ಎಸ್‌ಟಿಪಿ) ನೋಡಿಕೊಳ್ಳುವ ನನ್ನನ್ನು ಹೆಚ್ಚು ಕಾಡಿದ್ದು ಅಮೋನಿಯಾ. ಕೊಳಚೆಗೆ ಗಾಳಿ ಊದುವ ಏರೇಶನ್ ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇತ್ತು, ಸ್ಲಡ್ಜ್, ಅಂದರೆ ಬ್ಯಾಕ್ಟೀರಿಯಾ ತುಂಬಿದ ಕೆಸರು, ಚೆನ್ನಾಗಿ ತಳ ಸೇರುತ್ತಿತ್ತು, ಹೊರಬರುವ ನೀರೂ ತಿಳಿಯಾಗಿತ್ತು. ಆದರೂ ಅಮೋನಿಯಾ ಇಳಿಯುತ್ತಿರಲಿಲ್ಲ, ಇಳಿಯುತ್ತಿದ್ದುದು ಪಿಎಚ್ ಮಾತ್ರ. ಕೊಳವೆಬಾವಿಯ ಬದಲು ಕಾವೇರಿ ನೀರು ಬರತೊಡಗಿದ ಮೇಲೆ ಇದು ಶುರುವಾಯಿತೆಂಬುದೇ ನನಗೆ ಸಿಕ್ಕ ಸುಳಿವು.

ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ, 1 ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ (ಅಮೋನಿಯಾದಲ್ಲಿರುವ ಸಾರಜನಕಕ್ಕೆ) ಸುಮಾರು 4.6 ಮಿಲಿಗ್ರಾಂ ಆಮ್ಲಜನಕವನ್ನೂ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 7.1 ಮಿಲಿಗ್ರಾಂ ಕ್ಷಾರೀಯತೆಯನ್ನೂ (ಆಮ್ಲವನ್ನು ತಟಸ್ಥಗೊಳಿಸಿ ಪಿಎಚ್ ಇಳಿಯದಂತೆ ತಡೆಯುವ ನೀರಿನ ಶಕ್ತಿ) ಬಳಸುತ್ತವೆ. ಲೀಟರಿಗೆ 40 ಮಿಲಿಗ್ರಾಂ ಅಮೋನಿಯಾ ಸಾರಜನಕವಿರುವ ಕೊಳಚೆಗೆ 285 ಮಿಲಿಗ್ರಾಂ ಕ್ಷಾರೀಯತೆ ಬೇಕು. ನಮ್ಮ ಕೊಳವೆಬಾವಿಯ ಗಡಸು ನೀರಿನಲ್ಲಿ ಅದು ತಾನಾಗಿಯೇ ಇತ್ತು, ಕಾವೇರಿಯ ಮೆದು ನೀರಿನಲ್ಲಿ ಇರಲಿಲ್ಲ. ಗಾಳಿ ಊದುವ ಬ್ಲೋವರನ್ನು ಎಷ್ಟು ಹೊತ್ತು ಓಡಿಸಿದರೂ ಈ ಕೊರತೆ ತುಂಬುವುದಿಲ್ಲ.

ಕ್ಷಾರೀಯತೆಯೆಂದರೇನೆಂದು ಬುಡದಿಂದ ತಿಳಿಯಲು ಹೊರಟಾಗ ನನಗೆ ಎದುರಾದವರು ರಸಾಯನವಿಜ್ಞಾನಿ ಜೋಸೆಫ್ ಬ್ಲ್ಯಾಕ್. 1728ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ, ದ್ರಾಕ್ಷಾರಸದ ವ್ಯಾಪಾರಿಯ ಮಗನಾಗಿ ಹುಟ್ಟಿದ ಅವರು ಗ್ಲ್ಯಾಸ್ಗೊ ಮತ್ತು ಎಡಿನ್‌ಬರೊಗಳಲ್ಲಿ ವೈದ್ಯಶಾಸ್ತ್ರ ಓದಿ, ಮುಂದೆ ಆ ಎರಡೂ ಕಡೆ ಪ್ರಾಧ್ಯಾಪಕರಾದರು. ಮ್ಯಾಗ್ನೀಷಿಯಾ ಆಲ್ಬಾ ಎಂಬ ಬಿಳಿ ಪುಡಿಯನ್ನು ಆಮ್ಲಕ್ಕೆ ಹಾಕಿದರೆ ನೊರೆ ಉಕ್ಕುತ್ತದೆ. ಅದನ್ನೇ ಚೆನ್ನಾಗಿ ಕಾಸಿ ಹಾಕಿದರೆ ನೊರೆಯಿಲ್ಲದೆ ಕರಗುತ್ತದೆ, ಕಾಸಿದ ಪುಡಿಯ ತೂಕವೂ ಕಡಿಮೆಯಾಗಿರುತ್ತದೆ. ಕಳೆದುಹೋದ ತೂಕ ಪುಡಿಯೊಳಗೆ ಬಂಧಿಯಾಗಿದ್ದ ಒಂದು ಗಾಳಿಯದೆಂದು ಬ್ಲ್ಯಾಕ್ ತಕ್ಕಡಿ ಹಿಡಿದೇ ಸಾಧಿಸಿ, 1756ರಲ್ಲಿ ಪ್ರಕಟಿಸಿದರು. ಸುಣ್ಣದ ತಿಳಿನೀರನ್ನು ಹಾಲಿನಂತೆ ಬೆಳ್ಳಗಾಗಿಸುವ ಆ ಗಾಳಿಯೇ ಇಂಗಾಲದ ಡೈಆಕ್ಸೈಡ್. ನಮ್ಮ ಕೊಳಚೆಯ ಕ್ಷಾರೀಯತೆ ಬಹುಪಾಲು ಅದೇ ಗಾಳಿ ಬೈಕಾರ್ಬೊನೇಟ್ ರೂಪದಲ್ಲಿ ನಿಂತದ್ದು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಮೈ ಕಟ್ಟಿಕೊಳ್ಳುವುದೂ ಅದರಿಂದಲೇ. ಇದನ್ನು ತಿಳಿದಾಗ ನನಗಾದ ಸಂತೋಷ ಇಂದಿಗೂ ಆರಿಲ್ಲ.

ಪರೀಕ್ಷೆ ಸುಲಭ. ಸೋಸಿದ 100 ಮಿಲಿಲೀಟರ್ ನೀರಿಗೆ ಮೀಥೈಲ್ ಆರೆಂಜ್ ಎಂಬ ಬಣ್ಣಸೂಚಕದ ಹನಿಗಳನ್ನು ಹಾಕಿ, 0.02 ನಾರ್ಮಲ್ ಗಂಧಕಾಮ್ಲವನ್ನು ಬ್ಯುರೆಟ್ಟಿನಿಂದ ಬಿಡುತ್ತ, ಹಳದಿ ಕಿತ್ತಳೆಗೆ ತಿರುಗಿದೊಡನೆ ನಿಲ್ಲಿಸಬೇಕು. ಖರ್ಚಾದ ಮಿಲಿಲೀಟರನ್ನು 10ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಕ್ಷಾರೀಯತೆಯೆಂಬುದು ಸಿಗುತ್ತದೆ. ಹೊರಹೋಗುವ ನೀರಿನಲ್ಲಿ 80ರಿಂದ 100 ಉಳಿಯುವಂತೆ ನಾನು ಅಡುಗೆ ಸೋಡಾ ಸೇರಿಸುತ್ತೇನೆ. ಒಂದು ಲಕ್ಷ ಲೀಟರ್ ನೀರಿನ ಕ್ಷಾರೀಯತೆಯನ್ನು ಲೀಟರಿಗೆ 50 ಮಿಲಿಗ್ರಾಂನಷ್ಟು ಏರಿಸಲು ಸುಮಾರು 8.4 ಕಿಲೊ ಬೇಕು. ಒಮ್ಮೆಗೇ ಸುರಿಯದೆ, ಕರಗಿಸಿ ನಿಧಾನವಾಗಿ ಬಿಡುವುದು ಒಳ್ಳೆಯದು. ಈ ಬ್ಯಾಕ್ಟೀರಿಯಾ ಬೆಳೆಯುವುದು ನಿಧಾನವಾದ್ದರಿಂದ ಸ್ಲಡ್ಜನ್ನು ಧಾರಾಳವಾಗಿ ಹೊರತೆಗೆಯಲೂಬಾರದು. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರಸಾಯನವಿಜ್ಞಾನಿಗಳಾದ ಆರ್ಡರ್ನ್ ಮತ್ತು ಲಾಕೆಟ್ ತೋರಿಸಿದ್ದು ಇದನ್ನೇ: ಕೆಸರನ್ನು ಚೆಲ್ಲದೆ ಉಳಿಸಿಕೊಂಡು ಮತ್ತೆ ಮತ್ತೆ ಬಳಸಿದರೆ ವಾರಗಳ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ. ಆ ಕೆಲಸಕ್ಕೆ ಅವರನ್ನು ಹಚ್ಚಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೇ ಪ್ರಾಧ್ಯಾಪಕರಾಗಿ ಬಂದರು.

ಅಮೋನಿಯಾ ಇಳಿದ ಮೇಲೆ ಸ್ಲಡ್ಜ್ ತಳ ಸೇರಬೇಕಾದ ಟ್ಯಾಂಕಿನಲ್ಲಿ (ಕ್ಲಾರಿಫೈಯರ್) ಅದು ತೇಲತೊಡಗಿತು. ಪರೀಕ್ಷೆಗೆ ಬಳಸುವ ಅಳತೆಯ ಸಿಲಿಂಡರಿನಲ್ಲಿ ಅರ್ಧ ಗಂಟೆಯೊಳಗೆ ಅಚ್ಚುಕಟ್ಟಾಗಿ ತಳ ಸೇರಿದ ಸ್ಲಡ್ಜ್, ಇನ್ನೆರಡು ಗಂಟೆ ಬಿಟ್ಟರೆ ಇಡಿಯಾಗಿ ಮೇಲೇಳುತ್ತಿತ್ತು. ಗಾಜಿನ ಕಡ್ಡಿಯಿಂದ ಕದಡಿದರೆ ಸಣ್ಣ ಗುಳ್ಳೆಗಳು ಬಿಟ್ಟುಕೊಂಡು ಮತ್ತೆ ಮುಳುಗುತ್ತಿತ್ತು. ಆಮ್ಲಜನಕವಿಲ್ಲದ ತಳದಲ್ಲಿ ನೈಟ್ರೇಟ್ ಒಡೆದು ಹುಟ್ಟುವ ಸಾರಜನಕದ ಗುಳ್ಳೆಗಳವು. ಆ ಸಾರಜನಕವನ್ನು 1772ರಲ್ಲಿ ಎಡಿನ್‌ಬರೊದಲ್ಲಿ ಬೇರ್ಪಡಿಸಿ ವಿವರಿಸಿದ ಡೇನಿಯಲ್ ರದರ್‌ಫರ್ಡ್ ಬ್ಲ್ಯಾಕ್ ಅವರ ಶಿಷ್ಯರು. ಮುಚ್ಚಿದ ಪಾತ್ರೆಯ ಗಾಳಿಯಲ್ಲಿ ಇಲಿಯ ಉಸಿರೂ ಮೇಣದಬತ್ತಿಯ ಉರಿಯೂ ನಿಂತ ಮೇಲೆ, ಗುರುಗಳು ಗುರುತಿಸಿದ್ದ ಗಾಳಿಯನ್ನು ಕ್ಷಾರದಿಂದ ಹೀರಿಸಿ, ಉಳಿದದ್ದನ್ನು ಅವರು ಪರೀಕ್ಷಿಸಿದ್ದರು.

ಮೊದಲು ಸ್ಲಡ್ಜ್ ಹಿಂತಿರುಗಿಸುವ ಪಂಪಿನ ಹರಿವನ್ನು ಹೆಚ್ಚಿಸಿದೆ. ಆಮೇಲೆ ಏರೇಶನ್ನಿಗೆ ಮುಂಚಿನ ಒಂದು ಕೋಣೆಗೆ ಗಾಳಿ ನಿಲ್ಲಿಸಿ, ನೈಟ್ರೇಟ್ ತುಂಬಿದ ನೀರನ್ನು ಹೊಸ ಕೊಳಚೆಯೊಂದಿಗೆ ಅಲ್ಲಿ ಬೆರೆಸುವ ವ್ಯವಸ್ಥೆ ಮಾಡಿದೆ. ಸಾರಜನಕ ಅಲ್ಲಿಯೇ ಹೊರಬೀಳುತ್ತದೆ, ಒಡೆದ ನೈಟ್ರೇಟಿನ ಮಟ್ಟಿಗೆ ಖರ್ಚಾದ ಕ್ಷಾರೀಯತೆಯ ಅರ್ಧದಷ್ಟು ಮರಳಿ ಸಿಗುತ್ತದೆ, ಸೋಡಾದ ಖರ್ಚೂ ತಗ್ಗಿದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಸೇರಿದಾಗ ಲೆಕ್ಕ ಬದಲಾಗುವುದರಿಂದ ಆಗ ಪರೀಕ್ಷೆಯನ್ನು ದಿನವೂ ಮಾಡುತ್ತೇನೆ.