ಬಾರಾಮತಿ ರನ್‌ವೇಯಲ್ಲಿ ನನ್ನ ಬಲಗಾಲು

ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಅದು ಪೈಲಟ್ ತರಬೇತಿಯಲ್ಲಿ ನನ್ನ ಮೂರನೇ ಸೋಲೋ, ಅಂದರೆ ಇನ್‌ಸ್ಟ್ರಕ್ಟರ್ ಇಲ್ಲದೆ ಒಬ್ಬನೇ ಹಾರುವುದು. ವಿಮಾನ ಸೆಸ್ನಾ 152. ಎರಡೇ ಸೀಟು, 110 ಎಚ್‌ಪಿ ಎಂಜಿನ್. ಎಡಗಡೆಯಿಂದ ಗಾಳಿ ಇತ್ತು, ಭಾರಿ ಏನಲ್ಲ. ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲ, ವಿಂಡ್‌ಸಾಕ್, ನೋಡಿದೆ, ನೋಡಿ ಮರೆತೆ.

ಎಂಜಿನ್ ಶಕ್ತಿ ಏರಿಸುವ ಥ್ರಾಟಲ್ ಒಮ್ಮೆಲೇ ಒತ್ತಿಬಿಟ್ಟೆ. 40 ನಾಟ್ (ಗಂಟೆಗೆ ಸುಮಾರು 74 ಕಿ.ಮೀ.) ಆಗುವಷ್ಟರಲ್ಲಿ ಮೂಗು ಎಡಕ್ಕೆ ಎಳೆಯತೊಡಗಿತು. ಹುಬ್ಬಳ್ಳಿಯಲ್ಲಿ ಮಾವನ ಮಾರುತಿ ಓಡಿಸುವಾಗ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ಕೈಯಲ್ಲಿದ್ದ ಯೋಕನ್ನು (ಕಾರಿನ ಸ್ಟೀರಿಂಗ್‌ನಂಥ ಹಿಡಿಕೆ) ಬಲಕ್ಕೆ ತಿರುಗಿಸಿದೆ. ಗಾಬರಿಯಲ್ಲಿ ಹಿಂದಕ್ಕೂ ಎಳೆದೆ.

ಎರಡೂ ತಪ್ಪು. ನೆಲದ ಮೇಲಿದ್ದಾಗ ವಿಮಾನದ ಸ್ಟೀರಿಂಗ್ ಇರೋದು ಕಾಲಲ್ಲಿ, ಪೆಡಲ್‌ಗಳಲ್ಲಿ. ಯೋಕ್ ಬಲಕ್ಕೆ ತಿರುಗಿಸಿದರೆ ಎಡ ರೆಕ್ಕೆಯ ಹಿಂದಿನ ಅಂಚಿನಲ್ಲಿರುವ ಅಲುಗಾಡುವ ಪಟ್ಟಿ, ಏಲೆರಾನ್, ಕೆಳಗಿಳಿಯುತ್ತದೆ. ಆ ಕಡೆ ಗಾಳಿಯ ಎಳೆತ ಜಾಸ್ತಿಯಾಗಿ ಮೂಗು ಇನ್ನಷ್ಟು ಎಡಕ್ಕೇ ಹೋಗುತ್ತದೆ. ಮೇಲಾಗಿ ಎಡದ ಗಾಳಿ ಆ ರೆಕ್ಕೆಯನ್ನು ಎತ್ತುತ್ತದೆ. ಹಿಂದಕ್ಕೆ ಎಳೆದದ್ದರಿಂದ ಮುಂದಿನ ಚಕ್ರ ಹಗುರಾಗಿ ಹಿಡಿತ ಬಿಟ್ಟಿತು. ಪ್ರೊಪೆಲರ್‌ನ ಸುರುಳಿ ಗಾಳಿ ಬಾಲಕ್ಕೆ ಬಡಿದು ಮೂಗನ್ನು ಹೇಗೂ ಎಡಕ್ಕೇ ತಳ್ಳುತ್ತಿರುತ್ತದೆ. ಬಾಲಕ್ಕೆ ಹೊಡೆಯುವ ಅಡ್ಡಗಾಳಿಯದೂ ಅದೇ ಕೆಲಸ. ಎಲ್ಲರೂ ಒಂದೇ ಕಡೆ, ನಾನೂ ಅವರ ಜೊತೆಗೇ!

ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದೆ. ಆ ದಿನ ನಾನು ಮಾಡಿದ ಒಂದೇ ಒಳ್ಳೆ ಕೆಲಸ ಅದು. ಆಮೇಲೆ ಬಲ ಪೆಡಲ್ ಜೋರಾಗಿ ತುಳಿದೆ, ಪೆಡಲ್‌ನ ಮೇಲ್ತುದಿಯಲ್ಲಿರುವ ಬ್ರೇಕೂ ಹತ್ತಿತು. ವಿಮಾನ ಬಲಕ್ಕೆ ಒಮ್ಮೆ ಓಲಾಡಿ, ಮತ್ತೆ ಎಡಕ್ಕೆ ಜಾರಿ ಹುಲ್ಲಿನಲ್ಲಿ ನಿಂತಿತು. ಎಂಜಿನ್ ಆರಿಸಿದ ಮೇಲೂ ಪ್ಯಾನೆಲ್ ಒಳಗಿನ ಜೈರೋಗಳು (ಉಪಕರಣಗಳ ತಿರುಗುವ ಚಕ್ರಗಳು) ಗುಂಯ್ ಅನ್ನುತ್ತಲೇ ಇದ್ದವು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಬೈಗುಳ, ವರದಿ ಎಲ್ಲ ಆಯಿತು, ಬಿಡಿ. ನನಗೆ ನಾಟಿದ್ದು ಹ್ಯಾಂಗರ್‌ನ ಅಥಣಿ ಕಡೆಯ ಮೆಕ್ಯಾನಿಕ್ ಅಣ್ಣನ ಮಾತು. ಟೈರಿಗೆ ಮೆತ್ತಿದ್ದ ಕರಿಮಣ್ಣನ್ನು ಸ್ಕ್ರೂಡ್ರೈವರ್‌ನಿಂದ ಕೆರೆಯುತ್ತಾ ಕೇಳಿದರು: “ತಮ್ಮಾ, ಕೈ ಸುದ್ದಿ ಬಿಡು. ಕಾಲು ಏನ್ ಮಾಡಾಕತ್ತಿತ್ತು?”

ಏನೂ ಮಾಡುತ್ತಿರಲಿಲ್ಲ. ಪೆಡಲ್ ಮೇಲೆ ಸುಮ್ನೆ ಇತ್ತು.

ಮೊದಲು ಬೂಟು ಬದಲಿಸಿದೆ. ದಪ್ಪ ಸೋಲ್‌ನಲ್ಲಿ ಪೆಡಲ್ ಗೊತ್ತೇ ಆಗುತ್ತಿರಲಿಲ್ಲ. ಹಿಮ್ಮಡಿ ಕೆಳಗೆ ಊರಿ, ಬ್ರೇಕ್ ತಾಗದಂತೆ ಬೆರಳ ಬುಡದಿಂದ ತುಳಿಯೋದನ್ನು ರೂಮಿನ ಕುರ್ಚಿಯಲ್ಲಿ ಕೂತು ಅಭ್ಯಾಸ ಮಾಡಿದೆ. ರೂಮ್‌ಮೇಟ್ ನಕ್ಕ, ನಗಲಿ. ಆಮೇಲೆ ಇನ್‌ಸ್ಟ್ರಕ್ಟರ್ ಸರ್ ಪಕ್ಕದಲ್ಲಿ ಕೂತು ಮತ್ತೆ ಮತ್ತೆ ಓಡಿಸಿದರು. ಥ್ರಾಟಲ್ ಮೂರು ನಾಲ್ಕು ಸೆಕೆಂಡ್‌ನಲ್ಲಿ ನಿಧಾನಕ್ಕೆ. ಅದರ ಜೊತೆಜೊತೆಗೇ ಬಲಗಾಲು. ಯೋಕ್ ಮೊದಲು ಗಾಳಿ ಬರುವ ಕಡೆಗೆ ಪೂರ್ತಿ, ವೇಗ ಏರಿದಂತೆ ಸ್ವಲ್ಪ ಸ್ವಲ್ಪ ಸಡಿಲ. 50 ನಾಟ್‌ಗಿಂತ ಮುಂಚೆ ಮೂಗು ಎತ್ತೋ ಹಾಗಿಲ್ಲ. ಕಣ್ಣು ಮಾತ್ರ ರನ್‌ವೇ ತುದಿಯಲ್ಲಿ. ಮೂಗನ್ನೇ ದಿಟ್ಟಿಸಿದರೆ ತಿರುಗಿದ್ದು ತಡವಾಗಿ ಗೊತ್ತಾಗುತ್ತದೆ ಅಲ್ವಾ?

ಮುಂದಿನ ಸೋಲೋ ದಿನವೂ ಗಾಳಿ ಎಡದಿಂದಲೇ. “ಬಲಗಾಲು, ಬಲಗಾಲು” ಅಂತ ಜೋರಾಗಿ ಹೇಳಿಕೊಳ್ಳುತ್ತಲೇ ಮೇಲೇರಿದೆ. ಇಳಿದು ಬಂದಾಗ ಬಲ ಮೀನಖಂಡ ಹಿಡಿದುಕೊಂಡಿತ್ತು. ಕುಂಟುತ್ತಾ ಹ್ಯಾಂಗರ್‌ಗೆ ಹೋದೆ.